ಜಲ್ಲಿ ಎಷ್ಟು ತರಿಸಬೇಕು? ಅಂಗಳಕ್ಕೆ ಕಲ್ಲು ಹಾಸುವ ಮುಂಚಿನ ಲೆಕ್ಕ

2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಒಂದು ಆದೇಶ ಹೊರಡಿಸಿತು. ಕುಡಿಯುವ ನೀರನ್ನು ಕೈತೋಟಕ್ಕೆ ಹಾಕುವಂತಿಲ್ಲ, ಅದರಲ್ಲಿ ಕಾರು ತೊಳೆಯುವಂತಿಲ್ಲ. ಸಿಕ್ಕಿಬಿದ್ದರೆ 5,000 ರೂಪಾಯಿ ದಂಡ. ಬೋರ್‌ವೆಲ್‌ಗಳು ಒಂದರ ಹಿಂದೆ ಒಂದು ಬತ್ತುತ್ತಿದ್ದ ಆ ಬೇಸಿಗೆಯಲ್ಲಿ ಮನೆ ಮುಂದಿನ ಹುಲ್ಲುಹಾಸು ಒಂದು ಹೊರೆಯಾಗಿ ಕಾಣತೊಡಗಿತು. ಹುಲ್ಲು ತೆಗೆದು ಸಿಮೆಂಟ್ ಸುರಿದುಬಿಟ್ಟರೆ ಮಳೆನೀರು ನೆಲಕ್ಕಿಳಿಯುವುದಿಲ್ಲ, ಸೀದಾ ರಸ್ತೆಗೆ ಹರಿಯುತ್ತದೆ. ಹಾಗಾಗಿ ಹಲವರಿಗೆ ಹೊಳೆಯುವ ನಡುದಾರಿ ಒಂದೇ: ಜಲ್ಲಿ. ನೀರು ಕೇಳುವುದಿಲ್ಲ, ಬಿದ್ದ ನೀರನ್ನು ತಡೆಯುವುದೂ ಇಲ್ಲ.

ಆಮೇಲೆ ಬರುವ ಪ್ರಶ್ನೆಯೇ ತಲೆನೋವು. ಎಷ್ಟು ತರಿಸಬೇಕು? ಮೇಸ್ತ್ರಿಯನ್ನು ಕೇಳಿದರೆ "ಒಂದು ಲೋಡ್ ಹಾಕ್ಸಿ, ನೋಡೋಣ" ಅನ್ನುತ್ತಾರೆ. ಜಲ್ಲಿ ಮಾರುವವರು ಟನ್‌ನಲ್ಲಿ ಮಾತಾಡುತ್ತಾರೆ. ನಿಮ್ಮ ಕೈಯಲ್ಲಿರುವುದು ಅಡಿ, ಇಂಚಿನ ಟೇಪು. ಈ ಮೂರನ್ನೂ ಒಂದೇ ಲೆಕ್ಕಕ್ಕೆ ತರುವುದು ಹೇಗೆ ಅನ್ನುವುದು ಈ ಬರಹದ ವಿಷಯ. ಗುಣಾಕಾರ, ಭಾಗಾಕಾರ ಬಂದರೆ ಸಾಕು.

ಮೊದಲು, ಯಾವ ಜಲ್ಲಿ?

ಕ್ರಷರ್‌ನಲ್ಲಿ ಬಂಡೆಯನ್ನು ಒಡೆದು, ಬೇರೆ ಬೇರೆ ಕಣ್ಣಿನ ಜರಡಿಗಳಲ್ಲಿ ಸೋಸುತ್ತಾರೆ. ಜಲ್ಲಿಗೆ ಹೆಸರು ಬರುವುದು ಈ ಜರಡಿಯಿಂದ. 40 ಮಿ.ಮೀ. ಅಂದರೆ ಒಂದೂವರೆ ಇಂಚು ಜಲ್ಲಿ, 20 ಮಿ.ಮೀ. ಅಂದರೆ ಮುಕ್ಕಾಲು ಇಂಚು, 12 ಮಿ.ಮೀ. ಅಂದರೆ ಅರ್ಧ ಇಂಚು. ಅದಕ್ಕಿಂತ ಚಿಕ್ಕದನ್ನು ಬೇಬಿ ಜಲ್ಲಿ ಅನ್ನುತ್ತಾರೆ. ಕೊನೆಗೆ ಉಳಿಯುವ ಪುಡಿಯೇ ಡಸ್ಟ್. ಉತ್ತರ ಕರ್ನಾಟಕದ ಕಡೆ ಇದೇ ಜಲ್ಲಿಯನ್ನು ಖಡಿ ಎಂದು ಕೇಳಬೇಕು. 20 ಮಿ.ಮೀ. ಜಲ್ಲಿ ತರಿಸಿದರೆ ಪ್ರತಿ ಕಲ್ಲೂ ಅಳೆದಂತೆ 20 ಮಿ.ಮೀ. ಇರುವುದಿಲ್ಲ. ಹೆಚ್ಚಿನವು ಆ ಜರಡಿಯಿಂದ ಕೆಳಗಿಳಿದು, ಅದರ ಕೆಳಗಿನ ಜರಡಿಯಲ್ಲಿ ನಿಂತ ಕಲ್ಲುಗಳು, ಅಷ್ಟೇ.

ಇದರ ಜೊತೆಗೆ ನರ್ಸರಿಗಳಲ್ಲಿ, ಅಲಂಕಾರದ ಕಲ್ಲಿನ ಅಂಗಡಿಗಳಲ್ಲಿ ಚೀಲದಲ್ಲಿ ಸಿಗುವ ನುಣುಪಾದ ಉರುಟು ಕಲ್ಲು ಇದೆ. ಪೆಬಲ್ಸ್ ಅಂದರೆ ಎಲ್ಲರಿಗೂ ಗೊತ್ತು. ನೋಡಲು ಚೆಂದ, ಆದರೆ ನಡೆಯುವ ದಾರಿಗೆ ಇದನ್ನು ಹಾಕಬೇಡಿ. ಒಡೆದ ಜಲ್ಲಿಗೆ ಮೂಲೆ, ಚೂಪು ಇರುತ್ತದೆ. ಕಲ್ಲುಗಳು ಒಂದಕ್ಕೊಂದು ಸಿಕ್ಕಿಕೊಂಡು ಗಟ್ಟಿಯಾಗಿ ನಿಲ್ಲುತ್ತವೆ. ಉರುಟು ಕಲ್ಲಿಗೆ ಆ ಹಿಡಿತ ಇಲ್ಲ. ಕಾಲಿಟ್ಟರೆ ಜಾರುತ್ತದೆ, ಕಾರು ಹತ್ತಿಸಿದರೆ ಚಕ್ರದಡಿ ಸರಿದು ಹಳ್ಳ ಬೀಳುತ್ತದೆ. ಗಿಡದ ಬುಡಕ್ಕೆ, ಯಾರೂ ತುಳಿಯದ ಮೂಲೆಗೆ ಅದು ಸರಿ.

ನಡೆಯುವ ದಾರಿಗೆ 12 ಮಿ.ಮೀ., ಕಾರು ನಿಲ್ಲುವ ಜಾಗಕ್ಕೆ ಮೇಲ್ಪದರದಲ್ಲಿ 20 ಮಿ.ಮೀ. ಹೊಂದುತ್ತದೆ. 40 ಮಿ.ಮೀ. ಕೆಳಪದರಕ್ಕೆ ಇರಲಿ. ಮೇಲೆ ಹಾಸಿದರೆ ಚಪ್ಪಲಿಯಲ್ಲೂ ನಡೆಯುವುದು ಕಷ್ಟ.

ಉದ್ದ, ಅಗಲ, ದಪ್ಪ

ಜಲ್ಲಿಯ ಲೆಕ್ಕ ನಡೆಯುವುದು ಘನ ಅಡಿಯಲ್ಲಿ. ಎಲ್ಲರೂ ಬಳಸುವ ಹೆಸರು ಸಿಎಫ್‌ಟಿ. ಒಂದು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ಡಬ್ಬಿ ತುಂಬ ಜಲ್ಲಿ ತುಂಬಿದರೆ ಅದು ಒಂದು ಸಿಎಫ್‌ಟಿ.

ಜಾಗದ ಉದ್ದ, ಅಗಲವನ್ನು ಅಡಿಯಲ್ಲಿ ಅಳೆದು ಗುಣಿಸಿ. ಬಂದದ್ದು ಚದರ ಅಡಿ. ಅದನ್ನು ದಪ್ಪದಿಂದ ಗುಣಿಸಬೇಕು. ದಪ್ಪ ಇರುವುದು ಇಂಚಿನಲ್ಲಿ, ಆದ್ದರಿಂದ 12ರಿಂದ ಭಾಗಿಸಿ. 100 ಚದರ ಅಡಿಗೆ 2 ಇಂಚು ದಪ್ಪ ಹಾಸಬೇಕಾದರೆ 100 × 2 ÷ 12, ಅಂದರೆ ಸುಮಾರು 17 ಸಿಎಫ್‌ಟಿ. ಸೂತ್ರ ಇಷ್ಟೇ.

ಜಾಗ ಚೌಕವಾಗಿ ಇರಲೇಬೇಕು ಅಂತೇನಿಲ್ಲ. ಎಲ್ ಆಕಾರದ್ದಾದರೆ ಎರಡು ಆಯತ ಮಾಡಿಕೊಳ್ಳಿ. ಮೂಲೆ ತ್ರಿಕೋನವಾಗಿದ್ದರೆ ಉದ್ದ × ಅಗಲದ ಅರ್ಧ ತೆಗೆದುಕೊಳ್ಳಿ. ಗಿಡದ ಸುತ್ತಲಿನ ವೃತ್ತಕ್ಕೆ, ಅಡ್ಡಳತೆಯನ್ನು ಅದರಿಂದಲೇ ಗುಣಿಸಿ 0.785ರಿಂದ ಮತ್ತೆ ಗುಣಿಸಿ. ಹಾವಿನ ಹಾಗೆ ಬಳಸಿ ಹೋಗುವ ದಾರಿಯಾದರೆ ಮೂರು ಅಡಿಗೊಮ್ಮೆ ಅಗಲ ಅಳೆದು ಸರಾಸರಿ ತೆಗೆಯಿರಿ. ಅದನ್ನು ದಾರಿಯ ನಡುಗೆರೆಯ ಉದ್ದದಿಂದ ಗುಣಿಸಿದರೆ ಸಾಕಷ್ಟು ಸರಿಯಾದ ಉತ್ತರ ಬರುತ್ತದೆ.

ಒಂದು ಸಣ್ಣ ಎಚ್ಚರಿಕೆ. ಜಲ್ಲಿ ಚೆದುರದಂತೆ ಎರಡೂ ಕಡೆ ಇಟ್ಟಿಗೆಯ ಅಂಚು ಕಟ್ಟುತ್ತೀರಲ್ವಾ? ಅಂಚಿನ ಒಳಗಿನ ಅಗಲ ಅಳೆಯಿರಿ. ಮೂರು ಇಂಚಿನ ಇಟ್ಟಿಗೆಯನ್ನು ಎರಡೂ ಬದಿ ನಿಲ್ಲಿಸಿದರೆ ಮೂರೂವರೆ ಅಡಿಯ ದಾರಿಯಲ್ಲಿ ಜಲ್ಲಿಗೆ ಉಳಿಯುವುದು ಮೂರೇ ಅಡಿ.

ತಪ್ಪು ಆಗುವುದು ದಪ್ಪದಲ್ಲಿ

ಉದ್ದ ಅಳೆಯುವಾಗ ಜನ ಬಹಳ ಜಾಗರೂಕರಾಗಿರುತ್ತಾರೆ. ಟೇಪಿನ ಆ ತುದಿಯನ್ನು ಒಬ್ಬರು, ಈ ತುದಿಯನ್ನು ಇನ್ನೊಬ್ಬರು ಹಿಡಿದು, ಅರ್ಧ ಇಂಚೂ ಬಿಡದೆ ಬರೆದುಕೊಳ್ಳುತ್ತಾರೆ. ದಪ್ಪದ ವಿಷಯ ಬಂದಾಗ ಮಾತ್ರ "ಎರಡು ಇಂಚು ಇರಲಿ ಬಿಡಿ". ನಿಜವಾಗಿ ಆಗಬೇಕಾದ್ದು ಇದರ ಉಲ್ಟಾ.

ಲೆಕ್ಕ ನೋಡಿ. 45 ಅಡಿ ಉದ್ದದ ದಾರಿಯಲ್ಲಿ ಅರ್ಧ ಅಡಿ ತಪ್ಪು ಅಳೆದರೆ ಜಲ್ಲಿಯ ಅಂದಾಜು ಶೇಕಡ ಒಂದರಷ್ಟು ಮಾತ್ರ ಏರುಪೇರಾಗುತ್ತದೆ. ಅದೇ ದಾರಿಯಲ್ಲಿ ದಪ್ಪ 2 ಇಂಚಿನ ಬದಲು ಎರಡೂವರೆ ಇಂಚಾದರೆ ಶೇಕಡ 25ರಷ್ಟು ಜಾಸ್ತಿ ಜಲ್ಲಿ ಬೇಕು. ಅರ್ಧ ಇಂಚು ಅಂದರೆ ಕಿರುಬೆರಳಿನ ಅಗಲ. ನೆಲದ ಏರುತಗ್ಗೇ ಅದಕ್ಕಿಂತ ಹೆಚ್ಚಿರುತ್ತದೆ. "ಲೆಕ್ಕ ಹಾಕಿಯೇ ತರಿಸಿದ್ದೆ, ಆದರೂ ಸಾಲಲಿಲ್ಲ" ಅನ್ನುವವರ ಕಥೆ ಬಹುಪಾಲು ಇಲ್ಲೇ ಇರುತ್ತದೆ.

ಹಾಗಾಗಿ ದಪ್ಪವನ್ನು ಊಹಿಸಬೇಡಿ, ಅಳೆಯಿರಿ. ನೆಲ ಅಗೆದು ಸಮ ಮಾಡಿದ ಮೇಲೆ, ಜಲ್ಲಿಯ ಮೇಲ್ಮಟ್ಟ ಎಲ್ಲಿಗೆ ಬರಬೇಕೋ ಆ ಎತ್ತರಕ್ಕೆ ಗೂಟ ನೆಟ್ಟು ದಾರ ಎಳೆಯಿರಿ. ದಾರದಿಂದ ನೆಲದವರೆಗೆ ಎಂಟು ಹತ್ತು ಕಡೆ ಅಳೆದು ಸರಾಸರಿ ತೆಗೆಯಿರಿ. ನಿಮ್ಮ ಲೆಕ್ಕಕ್ಕೆ ಬೇಕಾದ ದಪ್ಪ ಅದೇ. ಹತ್ತು ನಿಮಿಷದ ಕೆಲಸ.

ದಪ್ಪ ಎಷ್ಟಿರಬೇಕು ಅನ್ನುವುದಕ್ಕೆ ಒಂದು ಸುಲಭ ನಿಯಮ ಇದೆ: ಜಲ್ಲಿಯ ಗಾತ್ರದ ಎರಡು ಮೂರು ಪಟ್ಟು. ಅದಕ್ಕಿಂತ ತೆಳುವಾದರೆ ಕಲ್ಲಿನ ನಡುವೆ ಮಣ್ಣು ಕಾಣುತ್ತದೆ. 20 ಮಿ.ಮೀ. ಜಲ್ಲಿಗೆ ಕನಿಷ್ಠ 40 ಮಿ.ಮೀ., ಅಂದರೆ ಒಂದೂವರೆ ಇಂಚಿನ ಮೇಲೆ. ನಡೆಯುವ ದಾರಿಗೆ 2 ಇಂಚು ಸಾಕು. ಇನ್ನೂ ದಪ್ಪ ಹಾಕಿದರೆ ಮರಳಿನಲ್ಲಿ ಹೂತಂತೆ ಕಾಲು ಕುಸಿಯುತ್ತದೆ, ದುಡ್ಡೂ ದಂಡ. ಕಾರು ನಿಲ್ಲುವ ಜಾಗಕ್ಕೆ ಕೆಳಗೆ 4 ಇಂಚು ಬಿಗಿಯಾಗಿ ಅದುಮಿದ ಪದರ, ಮೇಲೆ 2 ಇಂಚು ಜಲ್ಲಿ.

ಮಣ್ಣನ್ನೂ ನೋಡಬೇಕು. ಬೆಂಗಳೂರು, ಕೋಲಾರ, ತುಮಕೂರಿನ ಕೆಂಪು ಮಣ್ಣು ಒಮ್ಮೆ ಅದುಮಿದರೆ ಸುಮಾರಾಗಿ ಗಟ್ಟಿ ನಿಲ್ಲುತ್ತದೆ. ಗದಗ, ವಿಜಯಪುರ, ಧಾರವಾಡದ ಪೂರ್ವ ಭಾಗದ ಎರೆಮಣ್ಣು ಹಾಗಲ್ಲ. ಮಳೆಗೆ ಉಬ್ಬಿ ಮೆತ್ತಗಾಗುತ್ತದೆ, ಬೇಸಿಗೆಗೆ ಬಿರುಕು ಬಿಡುತ್ತದೆ. ಎರೆ ನೆಲದ ಮೇಲೆ ನೇರವಾಗಿ ಜಲ್ಲಿ ಹಾಸಿದರೆ ಒಂದೆರಡು ಮಳೆಗಾಲದಲ್ಲಿ ಮಣ್ಣು ಅದನ್ನು ನುಂಗುತ್ತದೆ. ಅಲ್ಲಿ ಮೊದಲು ಗರಸು ಹಾಕಿ ಅದುಮಿ, ಅದರ ಮೇಲೆ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಸಿ, ಆಮೇಲೆ ಜಲ್ಲಿ ಸುರಿಯಬೇಕು. ಈ ಬಟ್ಟೆ ನೀರನ್ನು ಬಿಡುತ್ತದೆ, ಮಣ್ಣು ಮೇಲೆ ಬರದಂತೆ, ಕಲ್ಲು ಕೆಳಗೆ ಇಳಿಯದಂತೆ ತಡೆಯುತ್ತದೆ. ಪ್ಲಾಸ್ಟಿಕ್ ಶೀಟ್ ಹಾಕಿದರೆ ನೀರೂ ನಿಂತುಬಿಡುತ್ತದೆ.

ಟನ್ ಮತ್ತು ಸಿಎಫ್‌ಟಿ: ಸೇರಿನ ಲೆಕ್ಕ

ನಿಮಗೆ ಬೇಕಾದ್ದು ಸಿಎಫ್‌ಟಿಯಲ್ಲಿ ಗೊತ್ತಾಯಿತು. ಮಾರುವವರು ಟನ್ ಅನ್ನುತ್ತಿದ್ದಾರೆ. ಒಂದು ಜಾಗದ ಲೆಕ್ಕ, ಇನ್ನೊಂದು ತೂಕದ ಲೆಕ್ಕ.

ಹಿಂದೆ ಮನೆಗಳಲ್ಲಿ ಸೇರಿನಿಂದ ಅಳೆಯುತ್ತಿದ್ದದ್ದು ನೆನಪಿದ್ದರೆ ಇದು ಸುಲಭ. ಒಂದು ಸೇರು ಅಕ್ಕಿ, ಒಂದು ಸೇರು ಅವಲಕ್ಕಿ, ಎರಡೂ ಒಂದೇ ಅಳತೆ. ತೂಕ ಬೇರೆ ಬೇರೆ. ಅವಲಕ್ಕಿಯ ನಡುವೆ ಗಾಳಿ ಜಾಸ್ತಿ. ಇನ್ನೊಂದು ವಿಷಯ: ಅದೇ ಸೇರನ್ನು ನೆಲಕ್ಕೆ ನಾಲ್ಕು ಸಲ ಕುಟ್ಟಿದರೆ ಅಕ್ಕಿ ಕೆಳಗಿಳಿಯುತ್ತದೆ, ಮೇಲೆ ಇನ್ನೊಂದು ಹಿಡಿ ಹಿಡಿಸುತ್ತದೆ. ಜಲ್ಲಿಯಲ್ಲೂ ನಡೆಯುವುದು ಈ ಎರಡೇ.

ಗಟ್ಟಿ ಗ್ರಾನೈಟ್ ಬಂಡೆ ಒಂದು ಘನ ಮೀಟರ್‌ಗೆ ಸುಮಾರು 2,650 ಕಿಲೋ ತೂಗುತ್ತದೆ. ಅದನ್ನು ಒಡೆದು ರಾಶಿ ಹಾಕಿದಾಗ, ಒಂದೇ ಗಾತ್ರದ ಜಲ್ಲಿಯಲ್ಲಿ ನೂರಕ್ಕೆ 40ರಿಂದ 45 ಭಾಗ ಬರೀ ಸಂದು. ಹಾಗಾಗಿ ಒಂದು ಘನ ಮೀಟರ್ ಸಡಿಲ ಜಲ್ಲಿ ಸುಮಾರು 1,450ರಿಂದ 1,590 ಕಿಲೋ. ಅಡಿ ಲೆಕ್ಕದಲ್ಲಿ ಒಂದು ಸಿಎಫ್‌ಟಿಗೆ 42 ಕಿಲೋ ಆಸುಪಾಸು. ಒಂದು ಟನ್‌ಗೆ ಸುಮಾರು 24 ಸಿಎಫ್‌ಟಿ.

ಈ 24 ಅನ್ನುವ ಸಂಖ್ಯೆ ನೆನಪಿಟ್ಟುಕೊಂಡರೆ ಅರ್ಧ ಕೆಲಸ ಆಯಿತು. ಸಿಎಫ್‌ಟಿಯನ್ನು 24ರಿಂದ ಭಾಗಿಸಿದರೆ ಟನ್. ಒಂದು ಟನ್ ಜಲ್ಲಿ 2 ಇಂಚು ದಪ್ಪಕ್ಕೆ ಸುಮಾರು 144 ಚದರ ಅಡಿ ಮುಚ್ಚುತ್ತದೆ, ಅಂದರೆ 12 × 12ರ ಒಂದು ಕೋಣೆಯಷ್ಟು ಜಾಗ.

ಕಲ್ಲು ಬದಲಾದರೆ ಸಂಖ್ಯೆಯೂ ಸ್ವಲ್ಪ ಬದಲಾಗುತ್ತದೆ. ದಕ್ಷಿಣ ಕರ್ನಾಟಕದ ಕ್ವಾರಿಗಳಲ್ಲಿ ಸಿಗುವುದು ಗ್ರಾನೈಟ್ ಮತ್ತು ನೈಸ್ (gneiss) ಎಂಬ ಜಾತಿಯ ಕಲ್ಲು. ಬೆಳಗಾವಿ, ವಿಜಯಪುರದ ಉತ್ತರ ಭಾಗಗಳಲ್ಲಿ ದಖನ್ನಿನ ಕಪ್ಪು ಬಸಾಲ್ಟ್. ಬಸಾಲ್ಟ್ ಹೆಚ್ಚು ಭಾರ, ಆದ್ದರಿಂದ ಒಂದು ಟನ್‌ಗೆ 22 ಸಿಎಫ್‌ಟಿ ಹಿಡಿಯುವುದು ಒಳ್ಳೆಯದು. ಡಸ್ಟ್, ಎಂ-ಸ್ಯಾಂಡ್ (ಕಲ್ಲು ಪುಡಿ ಮಾಡಿ ತಯಾರಿಸುವ ಮರಳು) ಎರಡರಲ್ಲೂ ಸಂದು ಕಡಿಮೆ, ಅಲ್ಲೂ 21, 22. ಒದ್ದೆಯಾಗಿದ್ದರೆ ನೀರಿನ ತೂಕಕ್ಕೂ ನೀವೇ ದುಡ್ಡು ಕೊಡುತ್ತೀರಿ.

ಅಂತರ್ಜಾಲದಲ್ಲಿ ಜಲ್ಲಿ ಲೆಕ್ಕ ಮಾಡಿಕೊಡುವ ಕ್ಯಾಲ್ಕುಲೇಟರ್‌ಗಳು ಬೇಕಾದಷ್ಟಿವೆ. ಹೆಚ್ಚಿನವು ಅಮೆರಿಕದವು. ಉತ್ತರ ಕ್ಯುಬಿಕ್ ಯಾರ್ಡ್‌ನಲ್ಲಿ ಬಂದರೆ 27ರಿಂದ ಗುಣಿಸಿ, ಅದು ಸಿಎಫ್‌ಟಿ. ಅವರ ಟನ್ 907 ಕಿಲೋ, ನಮ್ಮದು 1,000. ನೂರಕ್ಕೆ ಹತ್ತರಷ್ಟು ವ್ಯತ್ಯಾಸ ಸುಮ್ನೆ ಅಲ್ಲಿಂದಲೇ ನುಸುಳುತ್ತದೆ.

ಆ ಸಂದಿನಿಂದ ಒಂದು ಉಪಯೋಗ

ವಿಷಯ ಕೊಂಚ ಪಕ್ಕಕ್ಕೆ ಹೋದರೂ ಹೇಳಿಬಿಡುತ್ತೇನೆ, ಯಾಕೆಂದರೆ ಅಂಗಳ ಅಗೆಯುವವರು ಇಂಗುಗುಂಡಿಯನ್ನೂ ಅದೇ ಖರ್ಚಿನಲ್ಲಿ ಮಾಡಿಸುವುದುಂಟು. ಬೆಂಗಳೂರಿನಲ್ಲಂತೂ 2009ರ ಕಾನೂನು ತಿದ್ದುಪಡಿಯಿಂದ ಈಚೆಗೆ 30 × 40 ಸೈಟಿನಲ್ಲಿ ಹೊಸದಾಗಿ ಮನೆ ಕಟ್ಟುವವರಿಗೂ ಮಳೆನೀರು ಕೊಯ್ಲು ಕಡ್ಡಾಯ.

4 ಅಡಿ ಉದ್ದ, 4 ಅಡಿ ಅಗಲ, 6 ಅಡಿ ಆಳದ ಗುಂಡಿ ಅಂದರೆ 96 ಸಿಎಫ್‌ಟಿ. ಪೂರ್ತಿ ಜಲ್ಲಿ ತುಂಬಿದರೂ ಅದರ ಸಂದುಗಳಲ್ಲಿ ನೂರಕ್ಕೆ 40 ಭಾಗ, ಅಂದರೆ 38 ಸಿಎಫ್‌ಟಿಯಷ್ಟು ನೀರು ನಿಲ್ಲುತ್ತದೆ. ಒಂದು ಸಿಎಫ್‌ಟಿಗೆ 28.3 ಲೀಟರ್. ಒಟ್ಟು ಸುಮಾರು 1,080 ಲೀಟರ್. ಕಲ್ಲು ತುಂಬಿದ ಗುಂಡಿಯಲ್ಲಿ ಒಂದು ಸಾವಿರ ಲೀಟರಿನ ಸಿಂಟೆಕ್ಸ್ ತೊಟ್ಟಿ ಅಡಗಿದೆ ಅಂದಹಾಗಾಯಿತು. ಖಾಲಿ ಬಿಟ್ಟರೆ ಇನ್ನೂ ಜಾಸ್ತಿ ಹಿಡಿಯುತ್ತದೆ ನಿಜ. ಆದರೆ ಬದಿಯ ಮಣ್ಣು ಕುಸಿಯದಂತೆ ಜಲ್ಲಿ ಆನಿಸಿ ಹಿಡಿಯುತ್ತದೆ, ಕಸವನ್ನೂ ಸೋಸುತ್ತದೆ.

ಇಲ್ಲಿ ಕೆಳಗೆ ದಪ್ಪ ಕಲ್ಲು, ಮೇಲೆ ಹೋದಂತೆ ಸಣ್ಣದು. ತುದಿಯಲ್ಲಿ ಮರಳು ಹಾಕುವುದಾದರೆ ಅದರ ಕೆಳಗೆ ಸಣ್ಣ ಕಣ್ಣಿನ ಬಲೆ ಹಾಸಿ. ಇಲ್ಲದಿದ್ದರೆ ಮರಳು ಜಲ್ಲಿಯ ಸಂದಿಗೆ ಇಳಿಯುತ್ತಾ ಹೋಗುತ್ತದೆ. ಮರಳು ಎಷ್ಟು ತಂದರೂ ಸಾಲುವುದಿಲ್ಲ, ನೀರಿಗೆ ಇದ್ದ ಜಾಗವೂ ಹೋಯಿತು.

ಒಂದು ಮನೆಯ ಲೆಕ್ಕ ಮಾಡಿ ನೋಡೋಣ

40 × 60 ಸೈಟ್ ಒಂದನ್ನು ಅಂದುಕೊಳ್ಳಿ. ಮನೆಯ ಪಕ್ಕದಲ್ಲಿ ಹಿತ್ತಲಿಗೆ ಹೋಗುವ ದಾರಿ, ಮುಂದೆ ಕಾರು ನಿಲ್ಲಿಸುವ ಜಾಗ, ಮೂಲೆಯಲ್ಲಿ ಒಂದು ಮಾವಿನ ಮರ.

ದಾರಿ 45 ಅಡಿ ಉದ್ದ, ಇಟ್ಟಿಗೆ ಅಂಚಿನ ಒಳಗೆ 3 ಅಡಿ ಅಗಲ. 135 ಚದರ ಅಡಿ. 2 ಇಂಚಿಗೆ 22.5 ಸಿಎಫ್‌ಟಿ. ತುಳಿದ ಮೇಲೆ ಕೂರುವುದಕ್ಕೆ, ಅಲ್ಲಿ ಇಲ್ಲಿ ಚೆಲ್ಲುವುದಕ್ಕೆ ಅಂತ ನೂರಕ್ಕೆ ಹತ್ತು ಸೇರಿಸಿದರೆ 25. ತೂಕ ಒಂದು ಟನ್‌ಗಿಂತ ಸ್ವಲ್ಪ ಜಾಸ್ತಿ. ಆ ದಾರಿಯ ನಡುವೆ ಒಂದೂವರೆ ಅಡಿ ಚೌಕದ ಸಾದರಹಳ್ಳಿ ಚಪ್ಪಡಿಗಳನ್ನು ಇಡುವ ಆಸೆ ಇದೆಯೇ? 15 ಚಪ್ಪಡಿ ಇಟ್ಟರೆ ಸುಮಾರು 34 ಚದರ ಅಡಿ ಅವೇ ತುಂಬುತ್ತವೆ. ಚಪ್ಪಡಿಯೂ 2 ಇಂಚು ದಪ್ಪ ಇದ್ದರೆ ಜಲ್ಲಿಯಲ್ಲಿ ಕಾಲು ಭಾಗ ಉಳಿತಾಯ. ಇದನ್ನು ಕಳೆಯಲು ತುಂಬಾ ಜನ ಮರೆಯುತ್ತಾರೆ.

ಕಾರಿನ ಜಾಗ 18 × 10, ಅಂದರೆ 180 ಚದರ ಅಡಿ. ಮೇಲ್ಪದರ 2 ಇಂಚು: 30 ಸಿಎಫ್‌ಟಿ, ಹತ್ತು ಸೇರಿಸಿ 33. ಕೆಳಪದರದ ಕಥೆ ಬೇರೆ. ಅಲ್ಲಿ ಹಾಕುವುದು ಜಲ್ಲಿ, ಡಸ್ಟ್ ಎಲ್ಲ ಬೆರೆತ ವೆಟ್‌ಮಿಕ್ಸ್ ಥರದ್ದು. ನೀರು ಹಾಕಿ, ರೋಲರ್ ಅಥವಾ ಪ್ಲೇಟ್ ಕಾಂಪ್ಯಾಕ್ಟರ್‌ನಿಂದ ಬಡಿದಾಗ ಪುಡಿ ಎಲ್ಲ ಸಂದಿಗೆ ಇಳಿದು ಪದರ ಕುಗ್ಗುತ್ತದೆ. ಬಡಿದ ಮೇಲೆ 4 ಇಂಚು ಉಳಿಯಬೇಕಾದರೆ ಸುರಿಯುವಾಗ 5 ಇಂಚು ಇರಬೇಕು. ಬಡಿದ ಲೆಕ್ಕದಲ್ಲಿ 60 ಸಿಎಫ್‌ಟಿ, ತರಿಸಬೇಕಾದ್ದು 75.

ಇಲ್ಲಿ ತೂಕದ ಲೆಕ್ಕವೇ ವಾಸಿ. ಈ ಮಿಶ್ರಣ ಸಡಿಲವಾಗಿದ್ದಾಗ ಸಿಎಫ್‌ಟಿಗೆ 48 ಕಿಲೋ ಇದ್ದರೆ 75 ಸಿಎಫ್‌ಟಿಗೆ 3,600 ಕಿಲೋ. ಬಡಿದ ಮೇಲೆ ಸಿಎಫ್‌ಟಿಗೆ 60 ಕಿಲೋ ಆದರೂ, 60 ಸಿಎಫ್‌ಟಿಗೆ ಅದೇ 3,600 ಕಿಲೋ. ಜಾಗ ಕುಗ್ಗಿತು, ಕಲ್ಲು ಎಲ್ಲೂ ಹೋಗಲಿಲ್ಲ.

ಮಾವಿನ ಮರದ ಸುತ್ತ 8 ಅಡಿ ಅಡ್ಡಳತೆಯ ವೃತ್ತ. ಕಾಂಡಕ್ಕೆ ತಾಗಿಸಿ ಕಲ್ಲು ಹಾಕಬಾರದು, ಬುಡದಲ್ಲಿ ತೇವ ನಿಂತು ಕೊಳೆಯುತ್ತದೆ. ನಡುವೆ 2 ಅಡಿ ವೃತ್ತ ಬಿಡಿ. 8 × 8ರಿಂದ 2 × 2 ಕಳೆದರೆ 60, ಅದನ್ನು 0.785ರಿಂದ ಗುಣಿಸಿದರೆ 47 ಚದರ ಅಡಿ. 2 ಇಂಚು ಪೆಬಲ್ಸ್‌ಗೆ 8 ಸಿಎಫ್‌ಟಿ. ಉರುಟು ಕಲ್ಲು ಸಿಎಫ್‌ಟಿಗೆ 45 ಕಿಲೋ ಎಂದರೆ 360 ಕಿಲೋ, ಅಂದರೆ 25 ಕಿಲೋದ 15 ಚೀಲ. ಅಂಗಡಿಯಲ್ಲಿ ನಾಲ್ಕು ಚೀಲ ನೋಡಿ "ಇಷ್ಟು ಸಾಕು" ಅನಿಸುವುದು ಸಹಜ. ಸಾಲುವುದಿಲ್ಲ.

ಇನ್ನೊಂದು ಮಾತು, ಮಣ್ಣಿನದು. ಕಾರಿನ ಜಾಗ 6 ಇಂಚು ಅಗೆದರೆ 90 ಸಿಎಫ್‌ಟಿ ಮಣ್ಣು ಹೊರಗೆ ಬರುತ್ತದೆ. ಅಗೆದ ಮಣ್ಣು ಉಬ್ಬಿ ರಾಶಿ ನೂರು ಸಿಎಫ್‌ಟಿ ದಾಟುತ್ತದೆ. ಜಲ್ಲಿ ತರುವ ಟ್ರ್ಯಾಕ್ಟರ್ ಬರುವ ಮುಂಚೆ ಆ ರಾಶಿ ಎಲ್ಲಿಗೆ ಹೋಗಬೇಕು ಅಂತ ತೀರ್ಮಾನವಾಗಿರಲಿ.

ಲೋಡ್ ಅಂದರೆ ಎಷ್ಟು?

ಲೋಡ್ ಅನ್ನುವುದು ಅಳತೆ ಅಲ್ಲ. ಟ್ರ್ಯಾಕ್ಟರ್ ಟ್ರೇಲರ್‌ನಲ್ಲಿ ಹಿಡಿಸುವುದು ಒಂದು, ಆರು ಚಕ್ರದ ಟಿಪ್ಪರ್‌ನಲ್ಲಿ ಇನ್ನೊಂದು, ಹತ್ತು ಚಕ್ರದ್ದರಲ್ಲಿ ಮತ್ತೊಂದು. ಟ್ರೇಲರ್‌ಗಳಲ್ಲೇ ಒಂದರ ಹಾಗೆ ಇನ್ನೊಂದು ಇರುವುದಿಲ್ಲ. ಬೆಳಗಾವಿ ಕಡೆ ಬ್ರಾಸ್ ಎಂಬ ಲೆಕ್ಕ ನಡೆಯುತ್ತದೆ, ಒಂದು ಬ್ರಾಸ್‌ಗೆ 100 ಸಿಎಫ್‌ಟಿ. ಅದು ಸ್ಪಷ್ಟ. "ಒಂದು ಲೋಡ್" ಅಂದಾಗ ಮಾತ್ರ "ಎಷ್ಟು ಸಿಎಫ್‌ಟಿ? ಎಷ್ಟು ಟನ್?" ಅಂತ ಎರಡನ್ನೂ ಕೇಳಿ.

ಗಾಡಿ ಬಂದಾಗ ಸುರಿಸುವ ಮುಂಚೆ ಡಬ್ಬದ ಒಳಗಿನ ಉದ್ದ, ಅಗಲ, ಜಲ್ಲಿಯ ಎತ್ತರ ಅಳೆಯಿರಿ. ಒಳಗಿನ ಉದ್ದ 10 ಅಡಿ, ಅಗಲ 6 ಅಡಿ, ಸಮ ಮಾಡಿದಾಗ ಎತ್ತರ ಒಂದೂವರೆ ಅಡಿ ಇದ್ದರೆ 90 ಸಿಎಫ್‌ಟಿ, ತೂಕ 3.8 ಟನ್ ಹತ್ತಿರ. ನಡುವೆ ಗೋಪುರದ ಹಾಗೆ ತುಂಬಿದ್ದು ಮೂಲೆಗಳು ಖಾಲಿ ಇದ್ದರೆ ನೋಡಲು ಭರ್ತಿ ಕಾಣುತ್ತದೆ, ಆದರೆ ಇರುವುದು ಕಡಿಮೆ.

ಒಂದು ವಿಷಯದಲ್ಲಿ ಗಾಡಿಯವರ ಪರವಾಗಿಯೂ ಹೇಳಬೇಕು. ಕ್ರಷರ್‌ನಲ್ಲಿ ಅಂಚಿನವರೆಗೆ ತುಂಬಿದ ಜಲ್ಲಿ ಹಳ್ಳದ ರಸ್ತೆಯಲ್ಲಿ ಕುಲುಕಿ ಎರಡು ಮೂರು ಇಂಚು ಕೆಳಗಿಳಿದಿರಬಹುದು. ಕುಟ್ಟಿದ ಸೇರು ಅದೇ ತಾನೇ. ಇದು ಮೋಸ ಅಲ್ಲ. ಅನುಮಾನ ಬಂದರೆ ವೇಬ್ರಿಡ್ಜ್ ಚೀಟಿ ಕೇಳಿ. ತುಂಬಿದ ಗಾಡಿಯ ತೂಕದಲ್ಲಿ ಖಾಲಿ ಗಾಡಿಯ ತೂಕ ಕಳೆದರೆ ಜಲ್ಲಿಯ ತೂಕ. ಕ್ವಾರಿಯ ಕಲ್ಲು ಸಾಗಿಸಲು ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಪರ್ಮಿಟ್ ಇರಬೇಕು, ಅದರಲ್ಲೂ ಪ್ರಮಾಣ ಬರೆದಿರುತ್ತದೆ.

ನೀವು ಮನೆಯಲ್ಲಿ ಇಲ್ಲದಾಗ ಸುರಿದು ಹೋಗಿದ್ದರೆ ರಾಶಿಯನ್ನೇ ಅಳೆಯಬಹುದು. ಗುಡ್ಡದಂತೆ ದುಂಡಾಗಿರುವ ರಾಶಿಯ ಬುಡದ ಸುತ್ತಳತೆಯನ್ನು ಅಡಿಯಲ್ಲಿ ಅಳೆಯಿರಿ. ಅದನ್ನು ಅದರಿಂದಲೇ ಗುಣಿಸಿ, ಎತ್ತರದಿಂದ ಗುಣಿಸಿ, 38ರಿಂದ ಭಾಗಿಸಿ. ಸುತ್ತಳತೆ 30 ಅಡಿ, ಎತ್ತರ ಮೂರೂವರೆ ಅಡಿ ಇದ್ದರೆ 30 × 30 × 3.5 ÷ 38, ಅಂದರೆ ಸುಮಾರು 83 ಸಿಎಫ್‌ಟಿ. ಶಂಕುವಿನ ಗಾತ್ರದ ಸೂತ್ರವೇ ಇದು, ಸುತ್ತಳತೆಗೆ ಹೊಂದಿಸಿದ ರೂಪ ಅಷ್ಟೇ. ಟಿಪ್ಪರ್ ಉದ್ದುದ್ದ ಸುರಿದ ರಾಶಿಗೆ ಇದು ಸರಿಹೊಂದುವುದಿಲ್ಲ. ಪೈಸೆ ಲೆಕ್ಕಕ್ಕೆ ಜಗಳ ಆಡುವಷ್ಟು ಖಚಿತವೂ ಅಲ್ಲ. ಆದರೆ 100 ಸಿಎಫ್‌ಟಿ ಅಂತ ಹೇಳಿ 60 ಹಾಕಿ ಹೋಗಿದ್ದರೆ ಗೊತ್ತಾಗಿಯೇ ಆಗುತ್ತದೆ.

ಸ್ವಲ್ಪ ಜಾಸ್ತಿಯೋ, ಕಡಿಮೆಯೋ?

ನಮ್ಮ ಲೆಕ್ಕದ ಮನೆಗೆ ದಾರಿಗೆ 25, ಕಾರಿನ ಮೇಲ್ಪದರಕ್ಕೆ 33 ಸಿಎಫ್‌ಟಿ ಬೇಕು. 12 ಮಿ.ಮೀ. ಒಂದು ಗಾಡಿ, 20 ಮಿ.ಮೀ. ಇನ್ನೊಂದು ಗಾಡಿ ಅಂದರೆ ಎರಡೂ ಅರೆಬರೆ, ಎರಡಕ್ಕೂ ಬಾಡಿಗೆ. ಇಂಥ ಸಣ್ಣ ಕೆಲಸದಲ್ಲಿ ಎರಡೂ ಕಡೆ 20 ಮಿ.ಮೀ. ಹಾಕಿ ಒಂದೇ ಗಾಡಿಯಲ್ಲಿ ಮುಗಿಸುವುದು ಜಾಣತನ ಅಂತ ನನಗನಿಸುತ್ತದೆ. ನಡೆಯಲು ಚಪ್ಪಡಿ ಇದ್ದರೆ 20 ಮಿ.ಮೀ. ಜಲ್ಲಿಯ ದಾರಿ ಅಷ್ಟೇನೂ ಚುಚ್ಚುವುದಿಲ್ಲ.

58 ಸಿಎಫ್‌ಟಿ ಬೇಕಾದಾಗ 60, 65ರ ಹತ್ತಿರ ಕೇಳಿ. ಐದು ಸಿಎಫ್‌ಟಿ ಕಡಿಮೆ ಬಿದ್ದರೆ ಅದನ್ನು ತರಲು ಮತ್ತೆ ಗಾಡಿ ಬರಬೇಕು, ಬಾಡಿಗೆ ಜಲ್ಲಿಯ ಬೆಲೆಯನ್ನೇ ಮೀರುತ್ತದೆ. ಹಾಗಂತ 100 ಹಾಕಿಸಿಕೊಂಡರೆ ಮಿಕ್ಕ 40 ಸಿಎಫ್‌ಟಿ, ಅಂದರೆ ಸುಮಾರು 1,700 ಕಿಲೋ ಕಲ್ಲು ಗೇಟಿನ ಮುಂದೆ ಕೂತಿರುತ್ತದೆ. ಬೈಕು ಜಾರುತ್ತದೆ, ಪಕ್ಕದ ಮನೆಯವರ ಜೊತೆ ಮಾತು ಬರುತ್ತದೆ.

ಐದಾರು ಸಿಎಫ್‌ಟಿ ಉಳಿದರೆ ಖಾಲಿ ಸಿಮೆಂಟ್ ಚೀಲಗಳಲ್ಲಿ ತುಂಬಿಡಿ. ಚೀಲಕ್ಕೆ ಒಂದೂಕಾಲು ಸಿಎಫ್‌ಟಿಯಂತೆ ನಾಲ್ಕೈದು ಚೀಲ ಸಾಕು. ಒಂದೊಂದೂ 50 ಕಿಲೋ ದಾಟುತ್ತದೆ, ಸೊಂಟ ಜೋಪಾನ. ಮೊದಲ ಮಳೆಗಾಲ ಮುಗಿದಾಗ ಜಲ್ಲಿ ಅಲ್ಲಲ್ಲಿ ಕೂತು ತೇಪೆ ಬೇಕಾಗುತ್ತದೆ. ಆಗ ಹೊಸದಾಗಿ ತಂದರೆ ಬೇರೆ ಕ್ವಾರಿಯ ಕಲ್ಲು ಬಂದು ಬಣ್ಣ ಎದ್ದು ಕಾಣಬಹುದು, ಗ್ರಾನೈಟ್‌ನಲ್ಲೇ ಬಿಳಿಚಿಕೊಂಡ ಬೂದು, ನೀಲಿ ಛಾಯೆಯ ಬೂದು, ಗುಲಾಬಿ ಗೆರೆಯದ್ದು ಅಂತ ಬಗೆಬಗೆ ಇವೆ. ಯಾವ ಕ್ರಷರ್‌ನಿಂದ ಬಂತು, ಯಾವ ಗಾತ್ರ ಅನ್ನುವುದನ್ನು ಬಿಲ್ಲಿನ ಹಿಂದೆ ಬರೆದಿಡಿ.